ಕಡಲೆ ಮತ್ತು ಬಟ್ಟಗಡಲೆ: ಗದಗ ಪ್ರಾಂತದ ಬೇಳೆಕಾಳುಗಳ ಪೂರ್ವೋತ್ತರ

ಗದಗದಿಂದ ಹುಬ್ಬಳ್ಳಿಗೆ ಹೋಗುವ ಮಾರ್ಗದಲ್ಲಿ, ಪಟ್ಟಣಕ್ಕೆ ಸಮೀಪವಾಗಿಯೇ, ಬಿಂಕದಕಟ್ಟಿಯೆಂಬ ಗ್ರಾಮವುಂಟು. ಪರಸ್ಥಳದವರು ಈ ಊರನ್ನು ಅಲ್ಲಿಯ ಮೃಗಾಲಯದಿಂದ ಬಲ್ಲರು. ಅಲ್ಲಿಂದ ಪಶ್ಚಿಮಕ್ಕೆ ಅಣ್ಣಿಗೇರಿಯ ಕಡೆಗೆ ಹಬ್ಬಿರುವ ಎರೆಯ ನೆಲವು ಹಿಂಗಾರಿಯ ಕಾಲದಲ್ಲಿ ಬಿಳಿಜೋಳ, ಕುಸುಬೆ, ಕಡಲೆಗಳಿಂದ ತುಂಬಿರುತ್ತದೆ. ಈ ಎರೆಯ ಕಡಲೆಗೂ ಕಡಲಾಚೆಯಿಂದ ಬರುವ ಬಟಾಣಿಗೂ ಈಚೆಗೆ ಪೇಟೆಯಲ್ಲಿ ಸ್ಪರ್ಧೆಯುಂಟಾಗಿದೆ. ಅದರ ಸ್ವರೂಪವನ್ನು ತಿಳಿಯಬೇಕಾದರೆ ಈ ಎರಡು ಧಾನ್ಯಗಳು ಬಂದ ಬಗೆಯನ್ನೂ ಅವು ಪಡೆದ ಹೆಸರುಗಳನ್ನೂ ಮೊದಲು ವಿಚಾರಿಸಬೇಕಾಗುವುದು.

ಕನ್ನಡ ನಾಡಿನ ಅತ್ಯಂತ ಪ್ರಾಚೀನವಾದ ಬೇಳೆಕಾಳುಗಳು ಇವೆರಡೂ ಅಲ್ಲ. ಬಳ್ಳಾರಿಯ ಬಳಿಯ ಸಂಗನಕಲ್ಲು, ಹಿರೇಕೆರೂರು ಸೀಮೆಯ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳ ಪರೀಕ್ಷೆಯಿಂದ, ಸುಮಾರು 4000 ವರ್ಷಗಳ ಹಿಂದೆಯೇ ಇಲ್ಲಿಯ ಜನರು ಹುರುಳಿಯನ್ನೂ ಹೆಸರನ್ನೂ ಬೆಳೆಯುತ್ತಿದ್ದರೆಂದು ತಿಳಿದುಬಂದಿದೆ. ಕಡಲೆ ಮತ್ತು ಬಟಾಣಿಗಳ ಮೂಲಸ್ಥಾನವಾದರೋ ಪಶ್ಚಿಮ ಏಷ್ಯ. ಅಲ್ಲಿಂದ ಸಿಂಧೂ ಪ್ರದೇಶಕ್ಕೆ ಬಂದು, ಗೋದಿ, ಜವೆಗಳಂತೆ ಚಳಿಗಾಲದ ಬೆಳೆಗಳಾಗಿ ದಕ್ಷಿಣಕ್ಕಿಳಿದವು. ಎಂದರೆ ಎರಡೂ ಪರದೇಶದವುಗಳೇ. ಆದರೆ ಒಂದು ಈ ಮಣ್ಣಿನದೇ ಆಯಿತು. ಮತ್ತೊಂದು ಅತಿಥಿಯಾಗಿಯೇ ಉಳಿಯಿತು.

ಸಂಸ್ಕೃತದ ಕೋಶಕಾರರಿಗೆ ಇವುಗಳ ಭೇದವು ಸ್ಪಷ್ಟವಾಗಿ ತಿಳಿದಿತ್ತು. ಅಮರಸಿಂಹನು ಬಟಾಣಿಗೆ ಕಲಾಯ, ಸತೀನಕ, ಹರೇಣು, ಖಂಡಿಕ ಎಂಬ ಹೆಸರುಗಳನ್ನು ಕೊಟ್ಟು, ಕಡಲೆಗೆ ಚಣಕ, ಹರಿಮಂಥಕ ಎಂದು ಬೇರೆಯಾಗಿ ಹೇಳಿರುವನು. ಕೌಟಿಲ್ಯನು ಕಲಾಯವನ್ನು ಗೋದಿ, ಜವೆ, ಅಗಸೆಗಳೊಡನೆ ಕಡೆಯಲ್ಲಿ ಬಿತ್ತತಕ್ಕ ಧಾನ್ಯಗಳಲ್ಲಿ ಎಣಿಸಿದ್ದಾನೆ. ಕನ್ನಡದಲ್ಲಿ ಕಡಲೆಯೆಂಬುದು ದ್ರಾವಿಡ ಶಬ್ದ. ತಮಿಳಿನಲ್ಲಿಯೂ ಅದೇ ರೂಪವುಂಟು. ಬಟಾಣಿಗೆ ಮಾತ್ರ ಹಳೆಯ ಕನ್ನಡಿಗರು ಬಟ್ಟಗಡಲೆಯೆಂದರು. ಬಟ್ಟವೆಂಬುದು ವೃತ್ತ ಶಬ್ದದ ತದ್ಭವ. ಆದುದರಿಂದ ದುಂಡನೆಯ ಕಡಲೆಯೆಂದು ಅರ್ಥ. ಈಗ ರೂಢಿಯಲ್ಲಿರುವ ಬಟಾಣಿಯು ಮರಾಠಿಯ ವಾಟಾಣಾ ಶಬ್ದಕ್ಕೆ ಸಂಬಂಧಿಸಿದುದು. ಅದಕ್ಕೆ ಮೂಲವಾದ ವರ್ತುಲವೂ ವೃತ್ತದಂತೆಯೇ ವೃತ್ ಧಾತುವಿನಿಂದ ಹುಟ್ಟಿದೆ. ಬಟ್ಟಗಡಲೆಯೆಂದು ಹೆಸರಿಟ್ಟವರಿಗೆ ಕಡಲೆಯು ಮೊದಲೇ ಪರಿಚಿತವಾಗಿತ್ತೆಂಬುದರಲ್ಲಿ ಸಂಶಯವಿಲ್ಲ. ಹೊಸ ಕಾಳನ್ನು ಹಳೆಯದರ ಹೆಸರಿನಿಂದ ಕರೆದರೂ, ಒಂದು ವಿಶೇಷಣವನ್ನು ಹಚ್ಚಿ ಎರಡೂ ಬೆರೆಯದಂತೆ ಅವರು ಕಾಪಾಡಿದರು. 12ನೆಯ ಶತಮಾನದಲ್ಲಿ ಈ ಸೀಮೆಯನ್ನಾಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಅನ್ನಭೋಗದ ಪ್ರಕರಣವು ವಿದಲಪಾಕವನ್ನು ವಿವರಿಸುತ್ತದೆ. ಬೇಳೆಯು ಅರಮನೆಯ ಪಂಕ್ತಿಗೂ ಬೇಕಾದ ಪದಾರ್ಥವಾಗಿತ್ತು.

ಎರೆಯ ನೆಲಕ್ಕೂ ಕಡಲೆಗೂ ಇರುವ ಹೊಂದಿಕೆಯು ವಿಶೇಷವಾದುದು. ಮುಂಗಾರಿಯಲ್ಲಿ ಹೆಸರನ್ನು ಬೆಳೆದು ಕಿತ್ತ ಹೊಲದಲ್ಲಿಯೇ ಹಸ್ತ, ಚಿತ್ತಾ ಮಳೆಗಳ ಹದವನ್ನು ನೋಡಿ ಕಡಲೆಯನ್ನು ಬಿತ್ತುತ್ತಾರೆ. ಆಮೇಲೆ ಮಳೆಯಾಗದಿದ್ದರೂ ನೆಲದಲ್ಲಿ ಇಂಗಿದ ತೇವ ಮತ್ತು ಚಳಿಗಾಲದ ಇಬ್ಬನಿಗಳಿಂದಲೇ ಪೈರು ನಿಲ್ಲುತ್ತದೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಮರುವರ್ಷದ ಜೋಳಕ್ಕೆ ನೆಲವು ಹದವಾಗುತ್ತದೆ. ಎಳೆಯ ಕುಡಿಗಳನ್ನು ಚಿವುಟಿದರೆ ಪೈರು ಕವಲೊಡೆಯುವುದು. ಚಿವುಟಿದ ಕುಡಿ ಪಲ್ಯಕ್ಕಾಗುವುದು. ಎಲೆಗಳ ಮೇಲೆ ಸ್ರವಿಸುವ ಹುಳಿಯನ್ನು ಬೆಳಗಿನ ಜಾವದಲ್ಲಿ ತೆಳ್ಳನೆಯ ಬಟ್ಟೆಯನ್ನು ಹಾಸಿ ಇಬ್ಬನಿಯೊಡನೆ ಹೀರಿಸಿ, ಹಿಂಡಿ ಇಟ್ಟುಕೊಂಡು, ಹೊಟ್ಟೆಯ ಬೇನೆಗೆ ಕೊಡುವ ವಾಡಿಕೆ ಇತ್ತು. ವೈದ್ಯರು ಚಣಕಾಮ್ಲವೆನ್ನುವುದು ಇದನ್ನೇ. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲುವ ವೇಳೆಗೆ ಕಡಲೆಯು ನಿಂತಿರುತ್ತದೆ. ಹಸಿಯ ಕಾಯಿಂದ ಹಿಡಿದು ಪುಠಾಣಿಯವರೆಗೆ ಇದರ ಪ್ರತಿಯೊಂದು ಅವಸ್ಥೆಯೂ ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಬಟಾಣಿಗಾದರೋ ಇಂತಹ ಬಳಕೆ ಇಲ್ಲಿ ಬೆಳೆಯಲಿಲ್ಲ.

ಆಂಗ್ಲರ ಆಳಿಕೆಯಲ್ಲಿ ಈ ಎರೆಗೆ ಹತ್ತಿಯು ಪ್ರತಿಸ್ಪರ್ಧಿಯಾಯಿತು. 1861ರಿಂದ 1865ರವರೆಗೆ ಅಮೇರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆಯೇರಿ ಧಾರವಾಡ ಸೀಮೆಯ ಒಕ್ಕಲಿಗರು ಅದರ ಕಡೆಗೆ ತಿರುಗಿದರು. ಹತ್ತು ವರ್ಷ ಕಳೆದ ಮೇಲೆ 1876-78ರ ಘೋರ ಕ್ಷಾಮವು ಬಂದಿತು.

ಸ್ವಾತಂತ್ರ್ಯಾನಂತರದ ಲೆಕ್ಕಗಳು ಚಿಂತೆಗೆಡೆಯಾದವು. 1951ರಲ್ಲಿ ಭಾರತದ ಪ್ರತಿಯೊಬ್ಬನಿಗೆ ದಿನಕ್ಕೆ 60.7 ಗ್ರಾಂ ಬೇಳೆಕಾಳು ದೊರೆಯುತ್ತಿತ್ತು. 1961ರಲ್ಲಿ ಅದು 69.0 ಗ್ರಾಂ ಆಯಿತು, 1971ರಲ್ಲಿ 51.2ಕ್ಕೂ 1981ರಲ್ಲಿ 37.5ಕ್ಕೂ ಇಳಿದು, 2001ರಲ್ಲಿ 30.0 ಗ್ರಾಮಿಗೆ ಬಂದು ನಿಂತಿತು. ಗೋದಿ, ಅಕ್ಕಿಗಳು ಹೆಚ್ಚಿದ ನಾಲ್ಕು ದಶಕಗಳಲ್ಲಿ ಬೇಳೆಯು ಅರ್ಧಕ್ಕಿಂತಲೂ ಕಡಮೆಯಾಯಿತು. ಇದಕ್ಕೆ ಕಾರಣವು ಗೂಢವೇನಲ್ಲ. ಪಂಜಾಬ, ಹರಿಯಾಣಗಳಲ್ಲಿ ಕಾಲುವೆ, ಕೊಳವೆಬಾವಿಗಳ ನೀರು ಬಂದೊಡನೆ ಕಡಲೆಯ ಹೊಲಗಳು ಗೋದಿಯ ಗದ್ದೆಗಳಾದವು. ಹೊರದೂಡಲ್ಪಟ್ಟ ಕಡಲೆಯು ಮಧ್ಯಪ್ರದೇಶ, ಮಹಾರಾಷ್ಟ್ರ, ಕರ್ನಾಟಕ, ಆಂಧ್ರಗಳ ಒಣಭೂಮಿಯನ್ನು ಸೇರಿತು. ಹೀಗೆ ರಾಷ್ಟ್ರದ ಊಟದ ಒಂದು ಪಾಲಿನ ಭಾರವು ಗದಗದಂತಹ ಮಳೆಯಾಶ್ರಿತ ಸೀಮೆಗಳ ಮೇಲೆ ಬಿದ್ದಿತು.

ಪಂಪನ ಜನ್ಮಸ್ಥಳವೆಂದು ಪ್ರಸಿದ್ಧವಾದ ಅಣ್ಣಿಗೇರಿಯ ಹೆಸರು ಕೃಷಿಕರ ಬಾಯಲ್ಲಿ ಬೇರೊಂದು ಕಾರಣದಿಂದ ನಿಂತಿದೆ. ಅಣ್ಣಿಗೇರಿ-1 ಎಂಬ ಕಡಲೆಯ ತಳಿಯು ದಶಕಗಳ ಕಾಲ ಉತ್ತರ ಕರ್ನಾಟಕದ ಎರೆಯನ್ನು ಆಳಿತು. ಸೊರಗು ರೋಗಕ್ಕೆ ಅದು ತುತ್ತಾಗುತ್ತಿದ್ದುದರಿಂದ ರಾಯಚೂರಿನ ಕೃಷಿ ವಿಶ್ವವಿದ್ಯಾಲಯವೂ ಇಕ್ರಿಸ್ಯಾಟ್ ಸಂಸ್ಥೆಯೂ ಕೂಡಿ, ರೋಗನಿರೋಧಕ ಗುಣವನ್ನು ಅದರೊಳಗೆ ಸೇರಿಸಿ, ಸೂಪರ್ ಅಣ್ಣಿಗೇರಿ-1 ಎಂಬ ತಳಿಯನ್ನು ಸಿದ್ಧಗೊಳಿಸಿದವು. ದೇಶದ ಒಟ್ಟು ಬೇಳೆಕಾಳಿನ ಉತ್ಪನ್ನವೂ 2015-16ರಲ್ಲಿ ಸುಮಾರು 163 ಲಕ್ಷ ಟನ್ ಇದ್ದುದು 2017-18ರಲ್ಲಿ ಸುಮಾರು 254 ಲಕ್ಷ ಟನ್ನಿಗೆ ಏರಿತು.

ಕೊರತೆಯ ವರ್ಷಗಳಲ್ಲಿ ಬಾಗಿಲು ತೆರೆದುಕೊಂಡ ಅತಿಥಿಯು ಬಟಾಣಿಯೇ. ಕೆನಡಾದ ಶೀತಪ್ರದೇಶದಲ್ಲಿ ಯಂತ್ರಗಳಿಂದ ಬೆಳೆದ ಹಳದಿ ಬಟಾಣಿಯು ಹಡಗಿನ ಬಾಡಿಗೆ ಕೂಡಿದರೂ ಕಡಲೆಗಿಂತ ಅಗ್ಗವಾಗಿ ಬಂದಿತು. ಒಡೆದರೆ ಅದು ಕಡಲೆಬೇಳೆಯನ್ನು ಹೋಲುತ್ತದೆ. ಹಿಟ್ಟಾದರೆ ಕಣ್ಣಿಗೆ ಭೇದವೇ ತಿಳಿಯದು. ಕಡಲೆಹಿಟ್ಟೆಂದು ಮಾರುವ ಹಿಟ್ಟಿನಲ್ಲಿ ಬಟಾಣಿಯನ್ನು ಬೆರೆಸುವ ವರ್ತಕರುಂಟು. ಮೆಣಸಿನಕಾಯಿ ಬಜಿಗೆ ಹೆಸರಾದ ಗದಗ-ಬೆಟಗೇರಿಯಲ್ಲಿ ಇದು ಸಣ್ಣ ಸಂಗತಿಯಲ್ಲ. ಬಟ್ಟಗಡಲೆಯೆಂಬ ಮಾತಿನಲ್ಲಿ ಹಿರಿಯರು ಇರಿಸಿದ್ದ ವಿಶೇಷಣವನ್ನು ಬೀಸುವ ಯಂತ್ರವು ಅಳಿಸಿಬಿಟ್ಟಿತು. ಕೊಳ್ಳುವವನಿಗೆ ಅಗ್ಗದ ಬೇಳೆಯು ಉಪಕಾರಕವೇ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಆ ಅಗ್ಗದ ಲಾಭವು ಕೊಳ್ಳುವವನಿಗೆ ಮುಟ್ಟಬೇಕಾದರೆ ಕಾಳು ತನ್ನ ಹೆಸರಿನಲ್ಲಿಯೇ ಮಾರಾಟವಾಗಬೇಕು.

ಸರ್ಕಾರದ ನೀತಿಯು ಎರಡು ಕಡೆಗೂ ತೂಗಾಡಿದೆ. 2017ರ ನವೆಂಬರಿನಲ್ಲಿ ಬಟಾಣಿಗೆ ನೂರಕ್ಕೆ 50ರ ಸುಂಕವನ್ನು ವಿಧಿಸಿ, ಮರುವರ್ಷ ಆಮದಿನ ಪ್ರಮಾಣವನ್ನೂ ಕಟ್ಟುಮಾಡಲಾಯಿತು. 2023ರ ಡಿಸೆಂಬರಿನಲ್ಲಿ, ಬೆಲೆಯೇರಿಕೆಯ ಭಯದಿಂದ, ಹಳದಿ ಬಟಾಣಿಯ ಸುಂಕವನ್ನು ಪೂರ್ಣವಾಗಿ ತೆಗೆಯಲಾಯಿತು. ಆ ಅವಧಿಯನ್ನು ಮತ್ತೆ ಮತ್ತೆ ಮುಂದುವರಿಸಲಾಯಿತು. 2025ರ ಹಿಂಗಾರಿ ಪೇಟೆಗೆ ಕಡಲೆಯ ಬೆಂಬಲ ಬೆಲೆಯು ಕ್ವಿಂಟಲಿಗೆ 5,650 ರೂಪಾಯಿಯೆಂದು ಗೊತ್ತುಪಡಿಸಿದ ವರ್ಷದಲ್ಲಿಯೂ ಬಟಾಣಿಯು ಸುಂಕವಿಲ್ಲದೆ ಬಂದರಿಗಿಳಿಯುತ್ತಿತ್ತು. ಆ ವರ್ಷದ ನವೆಂಬರ್ 1ರಿಂದ ನೂರಕ್ಕೆ 30ರ ಸುಂಕವು ಜಾರಿಗೆ ಬಂದಿತು. ಎರೆಯ ಹೊಲಗಳಲ್ಲಿ ಕಡಲೆಯ ಬಿತ್ತನೆಯ ಕಾಲವು ಅಷ್ಟರಲ್ಲಿ ಬಹುಮಟ್ಟಿಗೆ ಕಳೆದಿತ್ತು.