ಅಪಲೇಚಿಯನ್ ಪರ್ವತ ಸಂಗೀತ ಮತ್ತು ಕೆಲ್ಟಿಕ್ ಮೂಲದ ಪ್ರಶ್ನೆ

ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವಭಾಗದಲ್ಲಿ ಹಬ್ಬಿರುವ ಅಪಲೇಚಿಯನ್ ಪರ್ವತಶ್ರೇಣಿಯ ದಕ್ಷಿಣದ ತುದಿ, ಅಂದರೆ ಉತ್ತರ ಕ್ಯಾರೊಲಿನಾ, ವರ್ಜೀನಿಯ, ಟೆನೆಸಿ, ಕೆಂಟಕಿಗಳ ಗುಡ್ಡಗಾಡು, ಜನಪದ ಸಂಗೀತದ ದೊಡ್ಡ ಭಂಡಾರವೆಂದು ಹೆಸರಾಗಿದೆ. ಇಲ್ಲಿನ ಸಂಗೀತದ ಬೇರು ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಕೆಲ್ಟಿಕ್ ಪರಂಪರೆಯಲ್ಲಿದೆ ಎಂಬ ಮಾತು ಜನಪ್ರಿಯ ಬರಹಗಳಲ್ಲಿ ಸಿದ್ಧಸತ್ಯದಂತೆ ನಡೆದುಬಂದಿದೆ. ಅದರಲ್ಲಿ ತಥ್ಯಾಂಶ ಇಲ್ಲದಿಲ್ಲ. ಆದರೆ ಯಾರ ಹಾಡನ್ನು, ಯಾರು, ಯಾವ ದೃಷ್ಟಿಯಿಂದ ಬರೆದಿಟ್ಟರು ಎಂಬುದನ್ನು ಬಿಟ್ಟು ಆ ಮಾತನ್ನು ಒಪ್ಪುವಂತಿಲ್ಲ.

ಮೊದಲಿಗೆ ವಲಸೆಯ ವಿಚಾರ. 1718ರಿಂದ 1775ರವರೆಗೆ ಉತ್ತರ ಐರ್ಲೆಂಡಿನ ಅಲ್ಸ್ಟರ್ ಪ್ರಾಂತದಿಂದ ಲಕ್ಷಕ್ಕೂ ಮಿಕ್ಕಿ ಜನ ಅಮೆರಿಕಕ್ಕೆ ಬಂದರು. ಫಿಲಡೆಲ್ಫಿಯದ ಆಸುಪಾಸಿನಲ್ಲಿ ಇಳಿದ ಅನೇಕರು ಶೆನಂಡೋವ ಕಣಿವೆಯ ಬಂಡಿದಾರಿ ಹಿಡಿದು ದಕ್ಷಿಣದ ಬೆಟ್ಟಗಳನ್ನು ಸೇರಿದರು. ಇವರಲ್ಲಿ ಬಹುಪಾಲು ಜನ 17ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ತಗ್ಗುನಾಡು ಹಾಗೂ ಉತ್ತರ ಇಂಗ್ಲೆಂಡಿನಿಂದ ಅಲ್ಸ್ಟರಿಗೆ ಬಂದು ನೆಲೆಸಿದವರ ಸಂತತಿ. ಅವರ ಮನೆಮಾತು ಸ್ಕಾಟ್ಸ್ ಅಥವಾ ಇಂಗ್ಲಿಷ್. ‘ಕೆಲ್ಟಿಕ್’ ಎಂಬುದು 1707ರಲ್ಲಿ ಪ್ರಕಟವಾದ ಎಡ್ವರ್ಡ್ ಲ್ಹುಯ್ಡ್ ಅವರ ಗ್ರಂಥದಿಂದೀಚೆಗೆ ಭಾಷಾವರ್ಗವೊಂದರ ಹೆಸರಾಗಿ ನೆಲೆಗೊಂಡ ಪದ. ಐರಿಷ್, ಗೇಲಿಕ್, ವೆಲ್ಷ್, ಬ್ರೆಟನ್ ಮೊದಲಾದವು ಆ ವರ್ಗಕ್ಕೆ ಸೇರುತ್ತವೆ, ಸ್ಕಾಟ್ಸ್ ಸೇರುವುದಿಲ್ಲ. ಆದ್ದರಿಂದ ಬೆಟ್ಟದ ಜನ ಹಾಡುತ್ತಿದ್ದ ಕಥನಗೀತೆಗಳನ್ನು ಕೆಲ್ಟಿಕ್ ಎನ್ನುವುದು ಕಟ್ಟುನಿಟ್ಟಿನ ಅರ್ಥದಲ್ಲಿ ಸಲ್ಲದು.

ಈ ಕಥನಗೀತೆಗಳ ಪ್ರಾಚೀನತೆಯಲ್ಲಿ ಮಾತ್ರ ಸಂದೇಹವಿಲ್ಲ. ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಅವರು 1882ರಿಂದ 1898ರವರೆಗೆ ಪ್ರಕಟಿಸಿದ 305 ಇಂಗ್ಲಿಷ್ ಮತ್ತು ಸ್ಕಾಟಿಷ್ ಕಥನಗೀತೆಗಳಲ್ಲಿ ಹಲವು ಈ ಬೆಟ್ಟಗಳಲ್ಲಿ ಜೀವಂತವಾಗಿದ್ದವು. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ 1666ರ ದಿನಚರಿಯಲ್ಲಿ ಉಲ್ಲೇಖಿಸಿದ ‘ಬಾರ್ಬರಾ ಆಲನ್’ ಇಂಥದೊಂದು. ಆಲಿವ್ ಡೇಮ್ ಕ್ಯಾಂಪ್‌ಬೆಲ್ ಅವರು ಮೊದಲೇ ಆರಂಭಿಸಿದ್ದ ಸಂಗ್ರಹದಿಂದ ಪ್ರೇರಿತರಾಗಿ, ಇಂಗ್ಲೆಂಡಿನ ಸೆಸಿಲ್ ಶಾರ್ಪ್ 1916ರಿಂದ 1918ರವರೆಗೆ ಮಾಡ್ ಕಾರ್ಪೆಲೀಸ್ ಅವರೊಡನೆ ಈ ಪ್ರದೇಶದಲ್ಲಿ ಸಂಚರಿಸಿದರು. ಶಾರ್ಪ್ ರಾಗ ಬರೆದುಕೊಂಡರೆ ಕಾರ್ಪೆಲೀಸ್ ಸಾಹಿತ್ಯ ಬರೆದುಕೊಳ್ಳುತ್ತಿದ್ದರು. ಜೇನ್ ಹಿಕ್ಸ್ ಜೆಂಟ್ರಿ ಎಂಬ ಗೃಹಿಣಿಯೊಬ್ಬರೇ ಅವರಿಗೆ 60ಕ್ಕೂ ಹೆಚ್ಚು ಹಾಡು ಒದಗಿಸಿದರು. ಇದು ಅಸಾಧಾರಣ ಕ್ಷೇತ್ರಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಶಾರ್ಪ್ ಹುಡುಕಿದ್ದು ಇಂಗ್ಲೆಂಡಿನಲ್ಲಿ ಕಣ್ಮರೆಯಾಗುತ್ತಿದ್ದ ಇಂಗ್ಲಿಷ್ ಹಾಡನ್ನು. 1917ರ ಸಂಪುಟದ ಶೀರ್ಷಿಕೆಯಲ್ಲಿಯೂ ಇರುವುದು ‘ಇಂಗ್ಲಿಷ್’ ಎಂಬ ವಿಶೇಷಣವೇ. ಮುಂದಿನ ಪೀಳಿಗೆ ಅದೇ ಹಾಡುಗಳಿಗೆ ‘ಕೆಲ್ಟಿಕ್’ ಎಂಬ ಹಣೆಪಟ್ಟಿ ಹಚ್ಚಿದ್ದು ಸ್ವಾರಸ್ಯಕರ. ಕ್ರೈಸ್ತ ಭಕ್ತಿಗೀತೆಗಳು, ಬ್ಯಾಂಜೋ ಹಾಡುಗಳು ಶಾರ್ಪ್ ಅವರ ಆಸಕ್ತಿಯ ಅಂಚಿನಲ್ಲಿಯೇ ಉಳಿದವು. ಕರಿಯ ಜನಾಂಗದ ಗಾಯಕರನ್ನು ಅವರು ಬಹುತೇಕ ಅರಸಲಿಲ್ಲ. 1918ರಲ್ಲಿ ವರ್ಜೀನಿಯದಲ್ಲಿ ಗುಲಾಮಗಿರಿಯನ್ನು ಅನುಭವಿಸಿದ್ದ ಮರಾಯಾ ಟೋಮ್ಸ್ ಎಂಬ ವೃದ್ಧೆ ಅವರಿಗೆ ಹಾಡಿದ್ದು ಅದೇ ‘ಬಾರ್ಬರಾ ಆಲನ್’. ರಕ್ತಸಂಬಂಧದ ಜಾಡು ಹಿಡಿದು ಹಾಡಿನ ಒಡೆತನವನ್ನು ನಿರ್ಣಯಿಸುವವರಿಗೆ ಈ ಒಂದು ನಿದರ್ಶನ ಸಾಕು.

ರಾಗಲಕ್ಷಣದ ಆಧಾರವೂ ಅಷ್ಟೇನೂ ಗಟ್ಟಿಯಲ್ಲ. ಪರ್ವತದ ಅನೇಕ ಹಾಡುಗಳು ಐದು ಸ್ವರಗಳ ಔಡವ ಶ್ರೇಣಿಯಲ್ಲಿವೆ ಎಂಬುದನ್ನು ಕೆಲ್ಟಿಕ್ ವಾದಿಗಳು ಮುಂದೊಡ್ಡುತ್ತಾರೆ. ಔಡವ ಶ್ರೇಣಿ ಪ್ರಪಂಚದ ನಾನಾ ಕಡೆ ಇದೆ. ನಮ್ಮ ಮೋಹನ ರಾಗವೂ ಐದು ಸ್ವರಗಳದೇ. ಸ್ಕಾಟಿಷ್ ಸಂಬಂಧ ನಿಜಕ್ಕೂ ಸ್ಪಷ್ಟವಾಗಿ ಕಾಣುವುದು ಪಿಟೀಲಿನ ಕುಣಿತದ ಮಟ್ಟುಗಳಲ್ಲಿ. ಬೆಟ್ಟದ ‘ಲೆದರ್ ಬ್ರಿಚಸ್’ ಎಂಬ ಮಟ್ಟು ಸ್ಕಾಟ್ಲೆಂಡಿನ ‘ಲಾರ್ಡ್ ಮ್ಯಾಕ್‌ಡೊನಾಲ್ಡ್’ ರೀಲ್‌ನ ರೂಪಾಂತರ. ಪಕ್ಕದ ತಂತಿಯನ್ನೂ ಸೇರಿಸಿ ಕಮಾನು ಎಳೆದು ಶ್ರುತಿ ನಿಲ್ಲಿಸುವ ರೂಢಿಯೂ ಎರಡೂ ಕಡೆ ಇದೆ.

ಆ ಪಿಟೀಲಿಗೆ ಜೊತೆಯಾದ ಬ್ಯಾಂಜೋ ಮಾತ್ರ ಆಫ್ರಿಕದ್ದು. ಸೋರೆಬುರುಡೆಗೆ ಚರ್ಮ ಬಿಗಿದು ಮಾಡಿದ ಅದರ ಪೂರ್ವರೂಪಗಳು ಗುಲಾಮರೊಂದಿಗೆ ಅಟ್ಲಾಂಟಿಕ್ ದಾಟಿದವು. ಸೆನೆಗಾಂಬಿಯಾ ಪ್ರದೇಶದ ಜೋಲಾ ಜನರ ಅಕೊಂಟಿಂಗ್ ವಾದ್ಯಕ್ಕೂ ಬ್ಯಾಂಜೋಗೂ ಇರುವ ಹೋಲಿಕೆ ವಿದ್ವಾಂಸರ ಗಮನ ಸೆಳೆದಿದೆ. ಸ್ವತಃ ಗುಲಾಮರ ಒಡೆಯರಾಗಿದ್ದ ಥಾಮಸ್ ಜೆಫರ್ಸನ್, 1781ರಲ್ಲಿ ಬರೆದ ವರ್ಜೀನಿಯ ಕುರಿತ ಗ್ರಂಥದಲ್ಲಿ, ಈ ವಾದ್ಯ ಆಫ್ರಿಕದಿಂದ ಬಂದದ್ದೆಂದು ದಾಖಲಿಸಿದ್ದಾರೆ. ಪಿಟೀಲು, ಬ್ಯಾಂಜೋಗಳ ಜೋಡಿಯೇ ಪರ್ವತ ಸಂಗೀತದ ತಾಳಗತಿಯನ್ನು ರೂಪಿಸಿತು. ಕೆಲ್ಟಿಕ್ ಎಂದು ಹಲವರು ಭಾವಿಸುವ ಡಲ್ಸಿಮರ್ ವಾದ್ಯವೂ ಜರ್ಮನ್ ವಲಸಿಗರ ಶೈಟ್‌ಹೋಲ್ಟ್‌ನ ವಂಶದ್ದು.

1920ರ ದಶಕದಲ್ಲಿ ಧ್ವನಿಮುದ್ರಣ ಕಂಪನಿಗಳು ಕರಿಯರ ಸಂಗೀತವನ್ನು ‘ರೇಸ್’ ಎಂದೂ ಗುಡ್ಡಗಾಡಿನ ಬಿಳಿಯರದನ್ನು ‘ಹಿಲ್‌ಬಿಲಿ’ ಎಂದೂ ಬೇರೆ ಬೇರೆ ಪಟ್ಟಿಗಳಲ್ಲಿ ಮಾರತೊಡಗಿದವು. ಕೂಡಿ ಬೆಳೆದ ಸಂಗೀತ ಹೀಗೆ ಅಂಗಡಿಯಲ್ಲಿ ಎರಡಾಯಿತು. 1927ರಲ್ಲಿ ಟೆನೆಸಿಯ ಬ್ರಿಸ್ಟಲ್‌ನಲ್ಲಿ ಮೊದಲ ಬಾರಿಗೆ ಧ್ವನಿಮುದ್ರಣ ಮಾಡಿದ ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಮುಂದೆ ಹೊಸ ಹಾಡುಗಳಿಗಾಗಿ ಬೆಟ್ಟಗಳಲ್ಲಿ ಅಲೆಯುವಾಗ ಕರಿಯ ಗಿಟಾರ್ ವಾದಕ ಲೆಸ್ಲಿ ರಿಡಲ್ ಅವರನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಕಾರ್ಟರ್ ಸಾಹಿತ್ಯ ಬರೆದುಕೊಳ್ಳುವರು, ರಿಡಲ್ ರಾಗವನ್ನು ನೆನಪಿನಲ್ಲಿ ಹೊತ್ತು ತರುವರು. ಕುಟುಂಬದ ಧ್ವನಿಮುದ್ರಿಕೆಗಳಲ್ಲಿ ರಿಡಲ್ ಅವರ ವಾದನವಿಲ್ಲ. ಅವರನ್ನು ಹುಡುಕಿ ಅವರ ಸಂಗೀತವನ್ನು ಮೈಕ್ ಸೀಗರ್ ಧ್ವನಿಮುದ್ರಿಸಿಕೊಳ್ಳತೊಡಗಿದ್ದು 1960ರ ದಶಕದಲ್ಲಿ. ಆ ವೇಳೆಗೆ ಅವರು ವಾದನವನ್ನು ಬಹುಮಟ್ಟಿಗೆ ಕೈಬಿಟ್ಟಿದ್ದರು.