ಹರಳೆಣ್ಣೆಯಿಂದ ಇಸಬ್ಗೋಲ್‌ವರೆಗೆ: ಭೇದಿ ಔಷಧಗಳ ಒಳಗುಟ್ಟು

ಮನೆಯ ಹರಳೆಣ್ಣೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹರಳು ಹಾಕುವುದು ಹಳೆಯ ರೂಢಿ. ಬೀಜ ಹುರಿದು, ಒರಳಲ್ಲಿ ಕುಟ್ಟಿ, ನೀರಿಗೆ ಹಾಕಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ. ಅದನ್ನು ಬಳಿದುಕೊಂಡು, ಚಿಟಪಟ ಸದ್ದು ನಿಲ್ಲುವ ತನಕ ಮತ್ತೆ ಕಾಯಿಸುತ್ತಾರೆ. ಬೀಜದಲ್ಲಿರುವ ರಿಸಿನ್ ಘೋರ ವಿಷ. ಎಣ್ಣೆಗೆ ಅದು ಇಳಿಯುವುದಿಲ್ಲ, ಆದರೆ ಹಸಿ ಬೀಜವನ್ನು ಮಕ್ಕಳು ಅಗಿದರೆ ಜೀವಕ್ಕೇ ಅಪಾಯ.

ಕುಡಿದ ಎಣ್ಣೆ ಸಣ್ಣ ಕರುಳಿನಲ್ಲಿ ಒಡೆದು ರಿಸಿನೋಲಿಕ್ ಆಮ್ಲ ಹೊರಬರುತ್ತದೆ. ಈ ಆಮ್ಲ ಇಪಿ3 ಎಂಬ ಗ್ರಾಹಕವನ್ನು ಹಿಡಿದು ಕರುಳಿನ ಸ್ನಾಯುವನ್ನೂ ಗರ್ಭಕೋಶದ ಸ್ನಾಯುವನ್ನೂ ಹಿಂಡುತ್ತದೆಂದು ಜರ್ಮನಿಯ ವಿಜ್ಞಾನಿಗಳು 2012ರಲ್ಲಿ ಇಲಿಗಳಲ್ಲಿ ತೋರಿಸಿದರು. ಬಸುರಿಯರು ಹರಳೆಣ್ಣೆ ಕುಡಿಯಬಾರದು ಎನ್ನುವುದು ಇದಕ್ಕೇ.

ಅಂಗಡಿಯ ಔಷಧಗಳು

ಇಸಬ್ಗೋಲ್ ಹೊಟ್ಟು ನೀರು ಹೀರಿ ಲೋಳೆಯಂತೆ ಉಬ್ಬಿ ಮಲವನ್ನು ಮೆದುವಾಗಿಸುತ್ತದೆ. ಲೋಟ ತುಂಬ ನೀರು ಕುಡಿಯದಿದ್ದರೆ ಅದೇ ಗಂಟಲಲ್ಲೋ ಕರುಳಲ್ಲೋ ಕಟ್ಟಿಕೊಳ್ಳಬಹುದು. ಲ್ಯಾಕ್ಟುಲೋಸ್ ದ್ರಾವಣ ದೊಡ್ಡ ಕರುಳಿಗೆ ನೀರು ಎಳೆಯುತ್ತದೆ. ಫಲ ಕಾಣಲು ಒಂದೆರಡು ದಿನ ಬೇಕು. ಸೋನಾಮುಖಿ, ಬೈಸಕೊಡಿಲ್ ಕರುಳನ್ನು ಕೆರಳಿಸುವಂಥವು. ರಾತ್ರಿ ತೆಗೆದುಕೊಂಡರೆ ಬೆಳಿಗ್ಗೆ ಕೆಲಸ ಮಾಡುತ್ತವೆ.

ಬೇರೆ ಮಾತ್ರೆಗಳ ಜೊತೆ

ಬೈಸಕೊಡಿಲ್ ಮಾತ್ರೆಗೆ ಕರುಳಿನಲ್ಲೇ ಕರಗುವ ಹೊದಿಕೆಯಿದೆ. ಹಾಲು ಅಥವಾ ಆಸಿಡಿಟಿ ಔಷಧದ ಜೊತೆ ನುಂಗಿದರೆ ಹೊದಿಕೆ ಹೊಟ್ಟೆಯಲ್ಲೇ ಬಿಚ್ಚಿ ನುಲಿತ ಶುರುವಾಗುತ್ತದೆ. ಮಿಲ್ಕ್ ಆಫ್ ಮೆಗ್ನೀಷಿಯಾ ಎಂಬ ಭೇದಿ ಔಷಧ ಥೈರಾಯ್ಡ್ ಮಾತ್ರೆಯನ್ನು ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ. ನಡುವೆ 4 ಗಂಟೆಯಾದರೂ ಇರಬೇಕು. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯಾಟಿಕ್‌ಗಳಿಗೂ ಅದೇ ತೊಡಕು. ಕಿಡ್ನಿ ಸೋತವರಲ್ಲಿ ಮೆಗ್ನೀಷಿಯಂ ಮೈಯಲ್ಲೇ ಉಳಿದುಬಿಡುತ್ತದೆ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಹೃದಯದ ಕಾಯಿಲೆಯಿರುವ ಹಿರಿಯರ ಸ್ಥಿತಿ. ಫ್ಯೂರೋಸೆಮೈಡ್‌ನಂಥ ನೀರು ಹೋಗಿಸುವ ಮಾತ್ರೆ ಮೂತ್ರದಲ್ಲಿ ಪೊಟ್ಯಾಶಿಯಂ ಕಳೆಯುತ್ತದೆ, ದಿನಾ ಭೇದಿಯಾದರೆ ಮಲದಲ್ಲೂ ಹೋಗುತ್ತದೆ. ಪೊಟ್ಯಾಶಿಯಂ ಇಳಿದಾಗ ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ ವಿಷದಂತೆ ವರ್ತಿಸಿ ಎದೆಬಡಿತದ ಲಯ ತಪ್ಪಿಸುತ್ತದೆ. ಸೋನಾಮುಖಿ ಬೆರೆತ ಚೂರ್ಣವನ್ನು ಔಷಧವೆಂದೇ ಎಣಿಸದವರು ಡಾಕ್ಟರಿಗೆ ಅದನ್ನು ಹೇಳುವುದೇ ಇಲ್ಲ.

ಹೊಟ್ಟೆ ಕಟ್ಟಿಸಿದ್ದು ಯಾವುದು?

ಎಷ್ಟೋ ಸಲ ಇನ್ನೊಂದು ಮಾತ್ರೆಯೇ: ಬಾಣಂತಿಯ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಟ್ರಮಡಾಲ್‌ನಂಥ ನೋವಿನ ಮಾತ್ರೆ. ಡಾಕ್ಟರು ಅದನ್ನು ಬದಲಿಸಿದರೆ ಭೇದಿ ಔಷಧವೇ ಬೇಡವಾಗಬಹುದು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಹರಳೆಣ್ಣೆಯನ್ನಾಗಲಿ ಮಾತ್ರೆಯನ್ನಾಗಲಿ ಕೊಡಬಾರದು. ಕರುಳು ಅಡ್ಡಗಟ್ಟಿರಬಹುದು, ತಾಲ್ಲೂಕು ಆಸ್ಪತ್ರೆಗೋ ಹಾಸನದ ಹಿಮ್ಸ್‌ಗೋ ಅಂದೇ ಕರೆದೊಯ್ಯಬೇಕು.