ಸಂಘದ ಮಾತು, ಸಂಘದ ಸಾಲ

ಮಾಕವಳ್ಳಿಯ ಸುತ್ತಮುತ್ತ, ಅಂದರೆ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಮಹಿಳಾ ಸಂಘಗಳು ಬೇರೂರಿದ್ದಕ್ಕೆ ಅಲ್ಲಿನ ಬೇಸಾಯದ ಬಗೆಯೇ ಮುಖ್ಯ ಕಾರಣ. ಸಕ್ಕರೆ ಕಾರ್ಖಾನೆಯಿರುವ ಮಾಕವಳ್ಳಿಯ ಆಸುಪಾಸಿನಲ್ಲಿ ಹೇಮಾವತಿ ನೀರಿನ ಕಬ್ಬು, ಭತ್ತ. ಶ್ರೀರಂಗಪಟ್ಟಣಕ್ಕೆ ವಿರಿಜಾ, ಚಿಕ್ಕದೇವರಾಯ ಸಾಗರದಂಥ ಹಳೆಯ ನಾಲೆಗಳು. ಪಾಂಡವಪುರಕ್ಕೆ ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ. ನಾಗಮಂಗಲದ ಬಹುಭಾಗ ರಾಗಿ, ಹುರುಳಿಯ ಖುಷ್ಕಿ. ಗದ್ದೆಯಾಗಲಿ ಖುಷ್ಕಿಯಾಗಲಿ, ದುಡ್ಡು ಮಾತ್ರ ಒಂದೇ ದಾರಿಯಲ್ಲಿ ಓಡಾಡುತ್ತಿತ್ತು. ಪಹಣಿ ಗಂಡಸಿನ ಹೆಸರಿನಲ್ಲಿ, ಬೆಳೆ ಸಾಲ ಪಹಣಿ ಇದ್ದವನಿಗೆ, ಕಬ್ಬಿನ ಬಿಲ್ಲು ಅವನ ಕೈಗೆ. ನಾಟಿ, ಕಳೆ, ದನದ ಚಾಕರಿ ಹೆಂಗಸಿನ ಪಾಲು. ಕಬ್ಬು ಕಟಾವಿಗೆ ಬರಲು ವರ್ಷ ಬೇಕು. ಮಗುವಿನ ಜ್ವರ, ಶಾಲೆಯ ಪುಸ್ತಕ, ತವರಿನ ಬಾಣಂತನ ಅಲ್ಲಿಯವರೆಗೆ ಕಾಯುವುದಿಲ್ಲ. ಅಂಥ ಹೊತ್ತಿನಲ್ಲಿ ಅವಳಿಗಿದ್ದದ್ದು ಗಿರವಿ ಅಂಗಡಿ, ಕೈಸಾಲ, ಇಲ್ಲವೆ ನೆರೆಯವರೊಡನೆ ಹಾಕಿದ ಚೀಟಿ.

ಹೆಂಗಸರು ಒಟ್ಟಾಗಿ ದುಡಿಯುವ ಪದ್ಧತಿ ಈ ಸೀಮೆಗೆ ಹೊಸದೇನೂ ಆಗಿರಲಿಲ್ಲ. ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ದುಡಿದು ತೀರಿಸುವ ಮುಯ್ಯಾಳು ಹಿಂದಿನಿಂದಲೂ ಇತ್ತು. ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಆರಂಭಿಸಿದ ಜನಪದ ಸೇವಾ ಟ್ರಸ್ಟ್ ಖಾದಿ ಕೆಲಸದ ಮೂಲಕ ಹೆಂಗಸರಿಗೆ ಊರಲ್ಲೇ ಕೂಲಿ ಸಿಗುವಂತೆ ಮಾಡಿತು. ಸ್ವಂತ ಸಂಪಾದನೆಯ ಮೊದಲ ಅನುಭವ ಹಲವರಿಗೆ ಇಂಥ ಕಡೆಗಳಲ್ಲಿ ಆಯಿತು. ಆದರೆ ತಮ್ಮದೇ ಹಣ, ತಮ್ಮದೇ ಲೆಕ್ಕ, ತಮ್ಮದೇ ತೀರ್ಮಾನ ಎಂಬ ಏರ್ಪಾಡು ಬಂದದ್ದು 1980ರ ದಶಕದಲ್ಲಿ.

ಅದರ ಬೇರು ಕರ್ನಾಟಕದಲ್ಲೇ ಇದೆ. 1968ರಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಗಾಗಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ಗ್ರಾಮೀಣಾಭಿವೃದ್ಧಿಗೆ ಇಳಿದು ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿತ್ತು. 1984-85ರ ಹೊತ್ತಿಗೆ ಅವುಗಳಲ್ಲಿ ಕೆಲವು ಒಡೆದವು. ಒಡೆದ ಸಂಘದ ಸದಸ್ಯರಲ್ಲೇ ಪರಸ್ಪರ ನಂಬಿಕೆಯಿದ್ದವರು ಸಣ್ಣ ಗುಂಪುಗಳಾಗಿ ಕೂಡಿ, ಬಾಕಿ ಹಣವನ್ನು ಸಹಕಾರ ಸಂಘಕ್ಕಲ್ಲ, ಮೈರಾಡಕ್ಕೆ ಕಟ್ಟುತ್ತೇವೆ ಎಂದರು. ನಿಮ್ಮ ಗುಂಪಿಗೇ ಏಕೆ ಕಟ್ಟಬಾರದು ಎಂದು ಸಂಸ್ಥೆ ಕೇಳಿತು, ಅವರು ಒಪ್ಪಿದರು. ಬಡವರು ತಾವಾಗಿ ಕಟ್ಟಿಕೊಂಡ ಗುಂಪುಗಳನ್ನು ಮೇಲಿನವರು ಗುರುತಿಸಿದ ಅಪರೂಪದ ಪ್ರಸಂಗ ಇದು. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ನೆರವು ಕೊಟ್ಟಿತು. 1991ರಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಇಂಥ ಗುಂಪುಗಳಿಗೆ ಸಾಲ ಕೊಡಲು ಬ್ಯಾಂಕುಗಳಿಗೆ ದಾರಿ ತೆರೆಯಿತು. ಮರುವರ್ಷ 500 ಗುಂಪುಗಳ ಪ್ರಾಯೋಗಿಕ ಯೋಜನೆ ಶುರುವಾಯಿತು. ಸಂಘ ನೋಂದಣಿಯಾಗಿರಬೇಕಿಲ್ಲ, ಜಮೀನಿನ ಆಧಾರ ಬೇಕಿಲ್ಲ. ಪಹಣಿಯಿಲ್ಲದ ಹೆಂಗಸು ಬ್ಯಾಂಕಿನ ಮೆಟ್ಟಿಲು ಹತ್ತಲು ಈ ಎರಡು ಮಾತು ಸಾಕಾದವು.

ಇದೇ ಹೊತ್ತಿಗೆ, ಸಾಲವನ್ನು ಮುಟ್ಟದೆ ಬರಿ ಮಾತಿನಿಂದ ಆರಂಭವಾದ ಇನ್ನೊಂದು ಪ್ರಯತ್ನ ಪಕ್ಕದ ಮೈಸೂರು ಜಿಲ್ಲೆಗೆ ಬಂತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾದ ಮಹಿಳಾ ಸಮಖ್ಯಾ 1989ರಲ್ಲಿ ಮೈಸೂರು, ಬೀದರ್, ಬಿಜಾಪುರಗಳಲ್ಲಿ ಕಾಲಿಟ್ಟಿತು. ಸಹಯೋಗಿನಿ ಎಂಬ ಕಾರ್ಯಕರ್ತೆ ಸುಮಾರು ಹತ್ತು ಹಳ್ಳಿ ಸುತ್ತಿ, ಕೂಲಿಯಿಂದ ಬಂದ ಹೆಂಗಸರೊಡನೆ ರಾತ್ರಿ ಕುಳಿತು ಮಾತಾಡುತ್ತಿದ್ದಳು. ಏನು ಕೊಡುತ್ತೀರಿ ಎಂದು ಕೇಳಿದರೆ ಅವಳ ಬಳಿ ಕೊಡುವುದಕ್ಕೆ ಏನೂ ಇರಲಿಲ್ಲ. ಕುಡಿಯುವ ನೀರು, ಕೂಲಿ ದರ, ಪಡಿತರ, ಹೊಡೆತ ಎಲ್ಲವೂ ಆ ಮಾತಿನಲ್ಲಿ ಮೇಲೆ ಬಂದವು. ಮಾತು ಅರ್ಜಿಯಾಗಿ ಕಚೇರಿಗೆ ಹೋಯಿತು.

ಮಂಡ್ಯದ ಹಳ್ಳಿಗಳಿಗೆ ಸಂಘ ದೊಡ್ಡ ಪ್ರಮಾಣದಲ್ಲಿ ಬಂದದ್ದು ರಾಜ್ಯ ಸರ್ಕಾರ 2000-01ರಲ್ಲಿ ಆರಂಭಿಸಿದ ಸ್ತ್ರೀಶಕ್ತಿ ಯೋಜನೆಯಿಂದ. ಊರಿನ ಅಂಗನವಾಡಿ ಕಾರ್ಯಕರ್ತೆಯೇ ಹದಿನೈದು ಇಪ್ಪತ್ತು ಹೆಂಗಸರನ್ನು ಸೇರಿಸಿದಳು. ಸಭೆ ವಾರಕ್ಕೊಮ್ಮೆ, ಅಂಗನವಾಡಿಯಲ್ಲೋ ದೇವಸ್ಥಾನದ ಜಗಲಿಯಲ್ಲೋ. ಹತ್ತು ಇಪ್ಪತ್ತು ರೂಪಾಯಿ ಉಳಿತಾಯ. ತಡವಾಗಿ ಬಂದರೆ ದಂಡ. ಹಾಜರಿ ಕೂಗಿದ ಮೇಲೆ ಸಾಲ ಬೇಕಾದವಳು ಎದ್ದುನಿಂತು ಯಾತಕ್ಕೆಂದು ಎಲ್ಲರೆದುರು ಹೇಳಬೇಕು. ಎಮ್ಮೆಗೋ, ಆಸ್ಪತ್ರೆಗೋ, ನಾಮಕರಣಕ್ಕೋ? ಯಾರಿಗೆ ಮೊದಲು ಎಂದು ಚರ್ಚೆಯಾಗಿ, ನಡಾವಳಿ ಪುಸ್ತಕದಲ್ಲಿ ಬರೆದು, ಪ್ರತಿಯೊಬ್ಬರೂ ರುಜು ಹಾಕಬೇಕು. ಹೆಬ್ಬೆಟ್ಟು ಒತ್ತುತ್ತಿದ್ದ ಎಷ್ಟೋ ಹೆಂಗಸರು ಹೆಸರು ಬರೆಯಲು ಕಲಿತದ್ದು ಈ ಪುಸ್ತಕಕ್ಕಾಗಿ. ಕೊಟ್ಟ ಸಾಲಕ್ಕಿಂತ ಈ ಅರ್ಧ ಗಂಟೆಯ ಚರ್ಚೆಯೇ ಸಂಘದ ಜೀವ ಎನ್ನಬೇಕು. ಮನೆಯ ಕಷ್ಟವನ್ನು ಹೊರಗೆ ಆಡಬಾರದು ಎಂದು ಕಲಿತವಳು ಅಲ್ಲಿ ಅದನ್ನು ಲೆಕ್ಕ ಸಮೇತ ಹೇಳುತ್ತಿದ್ದಳು, ಕೇಳುವವರು ಅದನ್ನು ನ್ಯಾಯವಾಗಿ ತೂಗುತ್ತಿದ್ದರು.

ಸಾಲದ ಹಣ ಹೆಚ್ಚಾಗಿ ಹಸು ಎಮ್ಮೆಗೆ ಹೋಯಿತು. ಡೇರಿಗೆ ಹಾಲು ಹಾಕುವವಳು ಹೆಂಗಸಾದರೂ ಸದಸ್ಯತ್ವ ಗಂಡನ ಹೆಸರಿನಲ್ಲಿದ್ದರೆ ಬಟವಾಡೆಯೂ ಅವನದೇ. ಮಹಿಳೆಯರೇ ನಡೆಸುವ ಹಾಲು ಉತ್ಪಾದಕರ ಸಹಕಾರ ಸಂಘಗಳು ಬಂದ ಕಡೆ ಇದು ತಿರುಗಿತು. ಬಟವಾಡೆಯ ದಿನ ಕೈಗೆ ಬರುವ ನಗದಿನಿಂದ ಸಂಘದ ಕಂತು ಕಟ್ಟುವುದು ಸಲೀಸಾಯಿತು.

ಈ ವರ್ಷಗಳಲ್ಲಿ ಕಾನೂನೂ ಎರಡು ಕಡೆಯಿಂದ ಹೆಂಗಸಿನ ಜೊತೆಗೆ ನಿಂತಿತು. 1983ರ ಪಂಚಾಯಿತಿ ಕಾಯ್ದೆಯಡಿ 1987ರಲ್ಲಿ ನಡೆದ ಚುನಾವಣೆಯಲ್ಲಿ ಕರ್ನಾಟಕ ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಿಟ್ಟಿತು. 1993ರ ಕಾಯ್ದೆ ಅದನ್ನು ಮೂರನೇ ಒಂದಕ್ಕೆ, 2010ರ ತಿದ್ದುಪಡಿ ಅರ್ಧಕ್ಕೆ ಏರಿಸಿತು. ಸಭೆಯಲ್ಲಿ ಮಾತಾಡಿ ರೂಢಿಯಾದ ಸಂಘದ ಹೆಂಗಸರು ಚುನಾವಣೆಗೂ ನಿಂತರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರಲ್ಲಿ ರಾಜ್ಯ ತಂದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಹೆಣ್ಣುಮಗಳಿಗೆ ಮಗನ ಸಮಾನ ಹಕ್ಕು ಕೊಟ್ಟಿತು. ಇಡೀ ದೇಶಕ್ಕೆ ಈ ಹಕ್ಕು ಬಂದದ್ದು 2005ರಲ್ಲಿ. ಕುಡಿತದ ವಿರುದ್ಧ ರಾಜ್ಯದ ಹಲವೆಡೆ ಹೆಂಗಸರು ನಡೆಸಿದ ಹೋರಾಟದ ಬೆನ್ನಿಗೆ 2007ರ ಜುಲೈ 1ರಿಂದ ಸಾರಾಯಿ ನಿಂತಿತು.

ಸಂಘದ ಮಾತು ಹೊಸ್ತಿಲು ದಾಟಲಾರದ ಕಡೆಯೂ ಇದೆ. ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದದ್ದು 2023ರಲ್ಲಿ ಬಯಲಾಯಿತು. ಪತ್ತೆಯನ್ನು ನಿಷೇಧಿಸಿದ ಕಾಯ್ದೆ 1994ರದು. ಗಂಡು ಬೇಕೆಂಬ ಒತ್ತಡ ಅತ್ತೆ, ಗಂಡ, ತವರು ಮೂರೂ ಕಡೆಯಿಂದ ಬರುವಾಗ ಅದನ್ನು ವಾರದ ಸಭೆಯಲ್ಲಿ ಎತ್ತುವುದು ಸಾಲ ಕೇಳುವುದಕ್ಕಿಂತ ಎಷ್ಟೋ ಕಠಿಣ. ಇದು ಬಾಯಿಬಿಟ್ಟು ಚರ್ಚೆಯಾಗಲೇಬೇಕಾದ ವಿಷಯ.

2011ರಿಂದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಕರ್ನಾಟಕದಲ್ಲಿ ಸಂಜೀವಿನಿ ಹೆಸರಿನಲ್ಲಿ ನಡೆಯುತ್ತಿದೆ. ಸಂಘಗಳು ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಕ್ಕೆ ಸೇರುತ್ತವೆ, ಅಲ್ಲಿ ಲೆಕ್ಕ ನೋಡಿಕೊಳ್ಳಲು ಸಂಘದವರೇ ಆದ ಮುಖ್ಯ ಪುಸ್ತಕ ಬರಹಗಾರರು (ಎಂಬಿಕೆ) ಇರುತ್ತಾರೆ. ಧರ್ಮಸ್ಥಳದಲ್ಲಿ 1982ರಲ್ಲಿ ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆಯ ಗುಂಪುಗಳೂ ಈ ಜಿಲ್ಲೆಗೆ ಹಬ್ಬಿವೆ.

ಇವುಗಳ ಪಕ್ಕದಲ್ಲೇ ಕಿರುಸಾಲ ಕಂಪನಿಗಳು ಬೆಳೆದವು. ಹೊರನೋಟಕ್ಕೆ ಅವೂ ಹೆಂಗಸರ ಗುಂಪೇ. ಆದರೆ ಅಲ್ಲಿ ಉಳಿತಾಯವಿಲ್ಲ, ಯಾತಕ್ಕೆ ಸಾಲ ಎಂಬ ಚರ್ಚೆಯಿಲ್ಲ. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಹೀಗೆ ಪರಸ್ಪರ ನಂಬಿಕೆ ವಸೂಲಿಯ ಸಾಧನವಾಯಿತು. ಒಂದು ಕಂಪನಿಯ ಕಂತಿಗೆ ಇನ್ನೊಂದರಲ್ಲಿ ಸಾಲ ತೆಗೆದ ಕುಟುಂಬಗಳು ಊರು ಬಿಟ್ಟ ಸುದ್ದಿಗಳು, ಆತ್ಮಹತ್ಯೆಯ ಸುದ್ದಿಗಳು 2025ರ ಆರಂಭದಲ್ಲಿ ರಾಜ್ಯವನ್ನು ಕಲಕಿದವು. ಫೆಬ್ರುವರಿ 12ರಂದು ಸುಗ್ರೀವಾಜ್ಞೆ ಬಂತು: ಪರವಾನಗಿಯಿಲ್ಲದ ಸಾಲದಾತರಿಂದ ಪಡೆದ ಬಡವರ ಸಾಲ ಮನ್ನಾ, ಕಿರುಕುಳದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಮಾರ್ಚ್‌ನಲ್ಲಿ ವಿಧಾನಮಂಡಲ ಅದರ ಮಸೂದೆಗೆ ಒಪ್ಪಿಗೆ ನೀಡಿತು. ಪರವಾನಗಿ ಪಡೆದ ಕಂಪನಿಗಳು ಕೊಟ್ಟ ಸಾಲಕ್ಕೆ ಈ ಮನ್ನಾ ಅನ್ವಯಿಸುವುದಿಲ್ಲ. ಆ ಕಂತುಗಳನ್ನು ಹೆಂಗಸರು ಕಟ್ಟಲೇಬೇಕು.